ಮೊದಲ ನಲವತ್ತು ದಿನದ ಕೂಸು



ಬಾಣಂತಿ ಇರುವ ಮನೆಯಲ್ಲಿ ಮೊದಲ ವಾರ ಏಳುವ ಪ್ರಶ್ನೆಗಳು ಊರು ಬದಲಾದರೂ ಬದಲಾಗುವುದಿಲ್ಲ. ಹಾಲು ಸಾಲುತ್ತಿದೆಯೋ ಇಲ್ಲವೋ? ಈಗ ತಾನೆ ಕುಡಿದದ್ದು, ಮತ್ತೆ ಯಾಕೆ ಅಳುತ್ತಿದೆ? ಹಗಲೆಲ್ಲ ಮಲಗಿ ರಾತ್ರಿಯೇ ಕಣ್ಣು ಬಿಡುತ್ತದಲ್ಲ, ಏನಾಗಿದೆ? ಹೊಟ್ಟೆನೋವೋ, ದೃಷ್ಟಿಯೋ? ಮೊದಲ ಸಲ ತಾಯಿಯಾದ ಹುಡುಗಿಯೂ ಇದನ್ನು ಕೇಳುತ್ತಾಳೆ, ನಾಲ್ಕಾರು ಬಾಣಂತನ ಮಾಡಿದ ಅಜ್ಜಿಯೂ ಕೇಳುತ್ತಾರೆ. ಮಕ್ಕಳ ವೈದ್ಯೆಯಾಗಿ ನನ್ನ ಅನುಭವಕ್ಕೆ ಬಂದಿರುವುದು ಇಷ್ಟು: ಹೀಗೆ ಗಾಬರಿಯಿಂದ ಎತ್ತಿಕೊಂಡು ಬಂದ ಕೂಸುಗಳಲ್ಲಿ ಬಹುಪಾಲಿಗೆ ಏನೂ ಆಗಿರುವುದಿಲ್ಲ. ಹಸುಗೂಸು ಇರುವುದೇ ಹಾಗೆ. ಏನೂ ಆಗಿರದ ಕೂಸಿಗೆ ಮದ್ದು ಮಾಡಲು ಹೋಗಿ ತೊಂದರೆ ತಂದುಕೊಂಡವರನ್ನು ನೋಡಿದ್ದೇನೆ. ನಿಜವಾಗಿ ಕಾಯಿಲೆ ಬಿದ್ದ ಕೂಸನ್ನು "ಎಷ್ಟು ಸಾಧು ಮಗು, ಅಳುವುದೇ ಇಲ್ಲ" ಎಂದು ಮೆಚ್ಚಿಕೊಂಡು ತಡವಾಗಿ ಕರೆತಂದವರನ್ನೂ ನೋಡಿದ್ದೇನೆ. ಅಳುವ ಕೂಸಿನ ಬಗ್ಗೆ ನಮಗಿರುವ ಭಯದಲ್ಲಿ ಒಂದಿಷ್ಟನ್ನು ಸುಮ್ಮನಿರುವ ಕೂಸಿನ ಕಡೆಗೆ ತಿರುಗಿಸಬೇಕು. ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ.

ಮೊದಲು ಹಾಲಿನ ವಿಷಯ. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಾಕಬೇಕು. ಸಿಸೇರಿಯನ್ ಆದ ತಾಯಿಯೂ ಪಕ್ಕದಲ್ಲಿರುವವರ ನೆರವಿನಿಂದ ಕುಡಿಸಬಲ್ಲಳು. ಮೊದಲ ಎರಡು ಮೂರು ದಿನ ಬರುವ ಹಾಲು ಹಳದಿಯಾಗಿ, ಅಂಟಂಟಾಗಿ, ಹನಿಹನಿಯಾಗಿ ಇರುತ್ತದೆ. ಅದು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವುದು ಕೆಲವು ಮನೆಗಳಲ್ಲಿ ಈಗಲೂ ನಿಂತಿಲ್ಲ. ದಯವಿಟ್ಟು ಚೆಲ್ಲಬೇಡಿ, ರೋಗ ತಡೆಯುವ ಅಂಶ ಒತ್ತಾಗಿ ತುಂಬಿರುವುದು ಆ ಹಾಲಿನಲ್ಲೇ. ಇಷ್ಟು ಸ್ವಲ್ಪ ಹಾಲು ಏನು ಸಾಕಾದೀತು ಅನ್ನಿಸಬಹುದು. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾಗುವುದೇ ಒಂದೆರಡು ಟೀ ಚಮಚದಷ್ಟು. ಮೂರನೆಯ, ನಾಲ್ಕನೆಯ ದಿನ ಎದೆ ಬಿಗಿದು ಹಾಲು ಇಳಿಯುತ್ತದೆ. ಅಷ್ಟರೊಳಗೆ ಕೂಸಿನ ತೂಕ ತುಸು ಇಳಿದಿರುತ್ತದೆ. ಮೂರು ಕಿಲೋ ಹುಟ್ಟಿದ್ದು ಎರಡೂಮುಕ್ಕಾಲಿನ ಹತ್ತಿರ ಬಂದರೆ ತಾಯಿ ಕಂಗಾಲಾಗುತ್ತಾಳೆ. ನೂರಕ್ಕೆ ಏಳರಿಂದ ಹತ್ತರವರೆಗೆ ಇಳಿಯುವುದು ಸಹಜ. ಹತ್ತನ್ನು ದಾಟಿದರೆ ವೈದ್ಯರು ನೋಡಬೇಕು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿ ಬಂದು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತ ಹೋಗುವುದು ಆರೋಗ್ಯದ ಲಕ್ಷಣ.

ಗಡಿಯಾರ ನೋಡಿ ಹಾಲು ಕುಡಿಸುವ ಅಭ್ಯಾಸ ಬಿಡಿ. ಹಸುಗೂಸು ಇಪ್ಪತ್ತನಾಲ್ಕು ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ ಕುಡಿಯುತ್ತದೆ. ಅದೂ ಸಮನಾದ ಅಂತರದಲ್ಲಿ ಅಲ್ಲ. ಮಧ್ಯಾಹ್ನ ಮೂರು ಗಂಟೆ ಮಲಗಿದ ಕೂಸು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಅರ್ಧ ಗಂಟೆಗೊಮ್ಮೆ ಎದೆಗೆ ಬಾಯಿ ಹಾಕಬಹುದು. ಬಾಣಂತಿಯ ಮನಸ್ಸು ಕುಗ್ಗುವುದು ಸರಿಯಾಗಿ ಈ ಹೊತ್ತಿನಲ್ಲೇ. ಸುತ್ತಲಿನವರು "ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ತರಿಸಿ" ಎನ್ನುವುದೂ ಈ ಹೊತ್ತಿನಲ್ಲೇ. ಆಗ ಒಂದು ಬಾಟಲಿ ಕೊಟ್ಟರೆ ಕೂಸು ನಿದ್ದೆ ಹೋಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಹಾಲು ಉತ್ಪತ್ತಿಯಾಗುವುದು ಎದೆ ಬರಿದಾದಷ್ಟೂ. ಕೂಸು ಬಾಟಲಿ ಕುಡಿದು ಮಲಗಿದ ಆ ಒಂದು ಸಲ ಎದೆ ಬರಿದಾಗಲಿಲ್ಲ. ಮರುದಿನ ಹಾಲು ಅಷ್ಟರಮಟ್ಟಿಗೆ ಕಡಿಮೆ, ಬಾಟಲಿ ಅಷ್ಟರಮಟ್ಟಿಗೆ ಹೆಚ್ಚು. ಹೀಗೇ ಹದಿನೈದು ದಿನ ನಡೆದರೆ ನಿಜವಾಗಿಯೂ ಹಾಲು ಸಾಲದಾಗುತ್ತದೆ. ರಾತ್ರಿ ಕುಡಿಸುವುದಂತೂ ಬಿಡಬಾರದು, ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುವುದು ರಾತ್ರಿ ಹೊತ್ತಿನಲ್ಲಿ.

ಹಾಗಾದರೆ ಸಾಲುತ್ತಿದೆ ಎಂದು ತಿಳಿಯುವುದು ಹೇಗೆ? ಲಂಗೋಟಿ ನೋಡಿ. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ ಉಚ್ಚೆ ಹೊಯ್ದರೂ ಸಾಕು. ಐದಾರು ದಿನ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕೆ ಕಡಿಮೆ ಇಲ್ಲದಂತೆ, ನೀರಿನಂತೆ ತಿಳಿಯಾಗಿ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಕೂಸು ಅತ್ತಿತು, ಬೆರಳು ಚೀಪಿತು, ಎದೆ ಮೆತ್ತಗಾಗಿದೆ ಎಂಬುದರಿಂದ ಇದನ್ನು ತೀರ್ಮಾನಿಸಲಾಗದು. ಕುಡಿಸುವಾಗ ನೋವಾಗುತ್ತಿದ್ದರೆ, ತೊಟ್ಟು ಸೀಳುತ್ತಿದ್ದರೆ ಕೂಸು ಬರೀ ತೊಟ್ಟನ್ನು ಹಿಡಿದಿದೆ ಎಂದರ್ಥ. ಬಾಯಿ ಅಗಲವಾಗಿ ತೆರೆದು, ಗದ್ದ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿ, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗಿರಬೇಕು. ಇದನ್ನು ರೇಡಿಯೋದಲ್ಲಿ ಎಷ್ಟು ಹೇಳಿದರೂ ಅಷ್ಟೆ. ಆಸ್ಪತ್ರೆ ಬಿಡುವ ಮೊದಲು ಅಲ್ಲಿನ ಸಿಸ್ಟರ್ ಹತ್ತಿರ ನಿಂತು ತೋರಿಸುವಂತೆ ಕೇಳಿ. ಸಂಕೋಚ ಬೇಡ.

ಆರು ತಿಂಗಳವರೆಗೆ ಎದೆಹಾಲಿನ ಹೊರತು ಬೇರೇನೂ ಬೇಡ. ನೀರೂ ಬೇಡ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಎಂಬತ್ತೆಂಟು ಪಾಲು ನೀರೇ ಇದೆ. ನೀರು ಕುಡಿಸಿದರೆ ಹೊಟ್ಟೆ ತುಂಬಿ ಹಾಲು ಕಡಿಮೆಯಾಗುತ್ತದೆ, ಜೊತೆಗೆ ಭೇದಿಯ ಭಯ. ಹುಟ್ಟಿದೊಡನೆ ನಾಲಿಗೆಗೆ ಜೇನು ಸವರುವ ಸಂಪ್ರದಾಯದ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಜೇನಿನಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಸೂಕ್ಷ್ಮಾಣುವಿನ ಬೀಜಕಣ ಇರಬಹುದು. ದೊಡ್ಡವರ ಕರುಳು ಅದನ್ನು ತಾಳಿಕೊಳ್ಳುತ್ತದೆ. ಕೂಸಿನ ಕರುಳಿನಲ್ಲಿ ಅದು ಮೊಳೆತು ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ವಿಷ ಕಾರುತ್ತದೆ. ವರ್ಷ ತುಂಬುವವರೆಗೆ ಜೇನು ಬೇಡ. ಬಜೆ ತೇದು ನೆಕ್ಕಿಸುವುದು, ಸುತ್ತುಖಾರ ಹಾಕುವುದು ಇವಕ್ಕೂ ಅದೇ ಮಾತು. ತೇಯುವ ಕಲ್ಲು ಎಷ್ಟು ಶುದ್ಧ, ಎಷ್ಟು ಸುತ್ತು ತೇದರೆ ಎಷ್ಟು ಮದ್ದು ಇಳಿಯುತ್ತದೆ ಎಂದು ಅಳೆದವರಿಲ್ಲ. ಕೂಸಿಗೆ ಹೊರಗಿನಿಂದ ಬೇಕಾಗುವುದು ಒಂದೇ, ವೈದ್ಯರು ಬರೆದುಕೊಡುವ ಡಿ ವಿಟಮಿನ್ ಹನಿ, ದಿನಕ್ಕೆ 400 ಯೂನಿಟ್.

ಇನ್ನು ಬಾಣಂತಿಯ ಊಟ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ತುಪ್ಪ, ಉತ್ತರ ಕರ್ನಾಟಕದ ಅಂಟಿನುಂಡಿ, ಅಳವಿ ಪಾಯಸ, ಇವೆಲ್ಲ ಒಳ್ಳೆಯವೇ. ನನಗೆ ಸಿಟ್ಟು ಬರುವುದು ಪಥ್ಯದ ಹೆಸರಿನಲ್ಲಿ ಅವಳನ್ನು ಬಾಯಾರಿಸಿ ಕೂರಿಸುವುದನ್ನು ನೋಡಿದಾಗ. ನೀರು ಕುಡಿದರೆ ಹೊಟ್ಟೆ ಡೊಳ್ಳಾಗುತ್ತದೆ ಎಂದು ಲೋಟಕ್ಕೂ ಲೆಕ್ಕ ಇಡುತ್ತಾರೆ. ಹಣ್ಣು ಶೀತ, ಬೇಳೆ ವಾಯು, ಮೊಸರು ಬೇಡವೇ ಬೇಡ. ಎದೆಹಾಲು ಕುಡಿಸುವವಳಿಗೆ ಮೊದಲಿಗಿಂತ ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕು. ಅಂದರೆ ಮೂರು ಊಟದ ಮೇಲೆ ಇನ್ನೂ ಒಂದು. ಬಾಯಾರಿದಾಗಲೆಲ್ಲ ನೀರು ಕುಡಿಯಲಿ. ಹೆರಿಗೆಯ ನಂತರ ಹೊಟ್ಟೆ ಸಡಿಲವಾಗಿರುವುದು ಬಸಿರಿನಲ್ಲಿ ಹಿಗ್ಗಿದ ಸ್ನಾಯುಗಳಿಂದ, ನೀರಿನಿಂದಲ್ಲ.

ಕಕ್ಕದ ಬಣ್ಣದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೊದಲ ಒಂದೆರಡು ದಿನ ಡಾಂಬರಿನಂಥ ಕಪ್ಪು, ಆಮೇಲೆ ಹಸಿರು, ನಾಲ್ಕೈದನೇ ದಿನಕ್ಕೆ ಸಾಸಿವೆ ಅರೆದಂಥ ಹಳದಿ. ಪ್ರತಿ ಸಲ ಹಾಲು ಕುಡಿದೊಡನೆ ಹೋಗಬಹುದು, ಅದು ಭೇದಿಯಲ್ಲ. ಆರು ವಾರ ದಾಟಿದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಮೆತ್ತಗೆ ಹೋದರೆ ಅದು ಮಲಬದ್ಧತೆಯೂ ಅಲ್ಲ. ಮೊದಲ 24 ಗಂಟೆಯಲ್ಲಿ ಕಪ್ಪು ಕಕ್ಕ ಹೋಗದಿದ್ದರೆ, ಮುಂದೆ ಎಂದಾದರೂ ಸುಣ್ಣದಂತೆ ಬಿಳಿಚಿದ್ದರೆ, ರಕ್ತ ಕಂಡರೆ ತೋರಿಸಿ. ಕುಡಿದ ಮೇಲೆ ಬಾಯಂಚಿನಿಂದ ಒಂದಿಷ್ಟು ಹಾಲು ಕಕ್ಕುವುದಕ್ಕೆ ಹೆದರಬೇಕಿಲ್ಲ; ಹಸಿರು ಪಿತ್ತ ಕಾರಿದರೆ, ದೂರಕ್ಕೆ ಚಿಮ್ಮುವಂತೆ ವಾಂತಿಯಾದರೆ ತಡ ಮಾಡಬೇಡಿ.

ನಿದ್ದೆ. ಹಸುಗೂಸು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ಗಂಟೆ ನಿದ್ದೆ ಮಾಡುತ್ತದೆ, ಆದರೂ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಯಾಕೆಂದರೆ ಅದು ಮಲಗುವುದು ಎರಡು ಮೂರು ಗಂಟೆಯ ತುಂಡು ತುಂಡಾಗಿ. ಹಗಲು ರಾತ್ರಿಯ ಪರಿವೆ ದೇಹದಲ್ಲಿ ಮೂಡಲು ಎರಡು ಮೂರು ತಿಂಗಳಾದರೂ ಬೇಕು. ರಾತ್ರಿ ಕುಡಿಸುವಾಗ ದೀಪ ಸಣ್ಣದಾಗಿರಲಿ, ಮಾತು ಕಡಿಮೆಯಿರಲಿ. ಹಗಲಲ್ಲಿ ಕಿಟಕಿ ತೆರೆದಿರಲಿ, ಮನೆಯ ಸದ್ದು ಎಂದಿನಂತೆ ನಡೆದಿರಲಿ. ಇದಕ್ಕಿಂತ ಹೆಚ್ಚು ನಾವು ಮಾಡುವಂಥದ್ದಿಲ್ಲ. ಕೂಸಿನ ನಿದ್ದೆಯಲ್ಲಿ ಅರ್ಧದಷ್ಟು ಚಂಚಲ ನಿದ್ದೆ. ಆಗ ಅದು ನಗುತ್ತದೆ, ಮುಖ ಸಿಂಡರಿಸುತ್ತದೆ, ಮುಲುಗುತ್ತದೆ, ಕೈಕಾಲು ಝಾಡಿಸುತ್ತದೆ. ಎದ್ದಿತೆಂದು ಎತ್ತಿಕೊಳ್ಳುವ ಮುನ್ನ ಕ್ಷಣ ಕಾಯಿರಿ, ಎಷ್ಟೋ ಸಲ ತಾನೇ ಮತ್ತೆ ಮಲಗುತ್ತದೆ. ಉಸಿರು ಕೆಲವು ಸಲ ವೇಗವಾಗಿ, ಕೆಲವು ಸಲ ಐದಾರು ಸೆಕೆಂಡು ನಿಂತು ನಡೆಯುವುದೂ ಈ ವಯಸ್ಸಿನಲ್ಲಿ ಸಹಜ. ಇಪ್ಪತ್ತು ಸೆಕೆಂಡು ನಿಂತರೆ, ತುಟಿ ನೀಲಿಗಟ್ಟಿದರೆ ಅದು ತುರ್ತು.

ಮಲಗಿಸುವುದು ಅಂಗಾತ. ಬೋರಲು ಬೇಡ, ಮಗ್ಗುಲೂ ಬೇಡ. ಅಮೆರಿಕದಲ್ಲಿ 1994ರಲ್ಲಿ ಕೂಸುಗಳನ್ನು ಅಂಗಾತ ಮಲಗಿಸಿ ಎಂದು ದೇಶವ್ಯಾಪಿ ಪ್ರಚಾರ ಶುರುವಾಯಿತು. ಹತ್ತು ವರ್ಷದೊಳಗೆ ತೊಟ್ಟಿಲಲ್ಲಿ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಯಾವ ಮದ್ದೂ ಇಲ್ಲದೆ, ಮಲಗಿಸುವ ರೀತಿ ಬದಲಿಸಿದ್ದರಿಂದ ಉಳಿದ ಜೀವಗಳು ಅವು. ಹಾಸಿಗೆ ಗಟ್ಟಿಯಾಗಿರಲಿ, ಸುತ್ತ ದಿಂಬು, ಗೊಂಬೆ, ದಪ್ಪ ಕೌದಿ ಇರದಿರಲಿ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬೂ ಬೇಡ, ಹೆರಿಗೆಯಲ್ಲಿ ಉದ್ದವಾದ ತಲೆ ದಿನ ಕಳೆದಂತೆ ತಾನೇ ದುಂಡಗಾಗುತ್ತದೆ. ತಾಯಿಯ ಕೋಣೆಯಲ್ಲೇ, ಕೈಗೆಟುಕುವಷ್ಟು ಹತ್ತಿರ ಕೂಸು ಮಲಗಲಿ. ಬೀಡಿ ಸಿಗರೇಟು ಸೇದಿದವರು, ಕುಡಿದವರು ಅದರ ಪಕ್ಕ ಮಲಗಬಾರದು. ಬಟ್ಟೆ ಸುತ್ತುವಾಗ ಕಾಲು ಎಳೆದು ನೇರ ಮಾಡಿ ಬಿಗಿಯಬೇಡಿ, ಸೊಂಟದ ಕೀಲು ಕೂರುವುದು ಕಾಲು ಮಡಚಿ ಅಗಲಿಸಿದಾಗ.

ಅಳುವಿನ ಬಗ್ಗೆ ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್ಟನ್ 1962ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಬತ್ತು ಆರೋಗ್ಯವಂತ ಕೂಸುಗಳ ತಾಯಂದಿರು ದಿನವೂ ಅಳುವನ್ನು ಬರೆದಿಟ್ಟಿದ್ದರು. ಎರಡನೇ ವಾರದಲ್ಲಿ ದಿನಕ್ಕೆ ಎರಡು ಗಂಟೆಗೆ ತುಸು ಕಡಿಮೆಯಿದ್ದ ಅಳು ಆರನೇ ವಾರಕ್ಕೆ ಮೂರು ಗಂಟೆಯ ಹತ್ತಿರ ಹೋಗಿ, ಆಮೇಲೆ ಇಳಿಯುತ್ತ ಬಂತು. ಹೆಚ್ಚಿನ ಅಳು ಸಂಜೆ ಹೊತ್ತಿನದು. ನಮ್ಮ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಶುರುವಾಗುವ ಅಳುವಿಗೆ ಏನೇನೋ ಕಾರಣ ಹುಡುಕಿ, ದೃಷ್ಟಿ ತೆಗೆದು, ತಾಯಿ ತಿಂದ ಊಟವನ್ನು ದೂರುವ ಮೊದಲು ಇದನ್ನು ನೆನೆಯಬೇಕು. ತಾಯಿಯದೇನೂ ತಪ್ಪಿಲ್ಲ. ಹಾಲು ಕುಡಿಸಿ, ಲಂಗೋಟಿ ನೋಡಿ, ಎದೆಗೆ ಅವುಚಿಕೊಂಡು ಓಡಾಡಿ. ತಾಳ್ಮೆ ಮುಗಿಯಿತು ಅನ್ನಿಸಿದರೆ ಕೂಸನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ. ಎಷ್ಟೇ ಸಿಟ್ಟು ಬಂದರೂ ಕೂಸನ್ನು ಹಿಡಿದು ಅಲುಗಾಡಿಸಬಾರದು, ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ.

ಗ್ರೈಪ್ ವಾಟರ್ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಅದು ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ಅದರ ಜೊತೆಗೆ ಮದ್ಯಸಾರ ಆಗಿನ ಮಿಶ್ರಣದಲ್ಲಿತ್ತು. ಅತ್ತ ಕೂಸು ಸುಮ್ಮನಾಗುತ್ತಿದ್ದುದಕ್ಕೆ ಸಕ್ಕರೆಯೂ ಮದ್ಯಸಾರವೂ ಸಾಕಷ್ಟು ಕಾರಣ. ಬ್ರಿಟನ್ನಿನಲ್ಲಿ ಮದ್ಯಸಾರವನ್ನು ಅದರಿಂದ ತೆಗೆದದ್ದು 1990ರ ದಶಕದಲ್ಲಿ. ಸಬ್ಬಸಿಗೆಯನ್ನು ಬಾಣಂತಿ ಸೊಪ್ಪಿನ ಪಲ್ಯವಾಗಿ ತಿನ್ನಲಿ. ಕೂಸಿಗೆ ಬಾಟಲಿಯ ನೀರು ಬೇಡ.

ಕೂಸಿನ ಮೈಮೇಲೆ ಕಾಣುವ ಕೆಲವು ಸಂಗತಿಗಳು ಮನೆಯವರನ್ನು ಬೆಚ್ಚಿಬೀಳಿಸುತ್ತವೆ. ಹೆಣ್ಣು ಕೂಸಿಗೆ ಮೊದಲ ವಾರ ಕೆಳಗಿನಿಂದ ಬಿಳಿ ಸ್ರಾವ, ಒಂದೆರಡು ಹನಿ ರಕ್ತ ಬರಬಹುದು. ಗಂಡಾಗಲಿ ಹೆಣ್ಣಾಗಲಿ ಎದೆ ಊದಿ ಹಾಲಿನಂಥದ್ದು ಜಿನುಗಬಹುದು. ಗರ್ಭದಲ್ಲಿ ಸಿಕ್ಕ ತಾಯಿಯ ಹಾರ್ಮೋನು ಇದಕ್ಕೆ ಕಾರಣ, ಕೆಲವು ವಾರದಲ್ಲಿ ಹೋಗುತ್ತದೆ. ಆ ಎದೆಯನ್ನು ಹಿಂಡಿದರೆ ಕೀವಾಗುತ್ತದೆ, ಹಿಂಡಲೇಬಾರದು. ಬೆನ್ನಿನ ಕೆಳಗೆ ನೀಲಿ ಮಚ್ಚೆ, ಮೂಗಿನ ಮೇಲೆ ಬಿಳಿ ಚುಕ್ಕಿ, ಮೈಮೇಲೆ ಬಂದು ಹೋಗುವ ಕೆಂಪು ದದ್ದು, ಸುಲಿಯುವ ಚರ್ಮ, ಬಿಕ್ಕಳಿಕೆ, ಸೀನು, ಮಿಡಿಯುವ ನೆತ್ತಿ, ಯಾವುದಕ್ಕೂ ಔಷಧ ಬೇಕಿಲ್ಲ. ನೆತ್ತಿ ಒಳಕ್ಕೆ ಕುಸಿದರೆ ಅಥವಾ ಉಬ್ಬಿ ಬಿಗಿದರೆ ಮಾತ್ರ ವೈದ್ಯರು ನೋಡಬೇಕು.

ಎಣ್ಣೆ ನೀರಿನ ವಿಷಯಕ್ಕೆ ಬರುತ್ತೇನೆ. ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವ ಅಮ್ಮಂದಿರ ಕೈ ಚಳಕಕ್ಕೆ ನನಗೆ ಗೌರವವಿದೆ. ಕೊಬ್ಬರಿ ಎಣ್ಣೆಯಿಂದ ಹಗುರವಾಗಿ ತೀಡುವುದು ಕೂಸಿಗೆ ಹಿತ. ಆದರೆ ಅಮ್ಮಂದಿರೇ, ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಮೂಗು ತಿದ್ದುವುದು, ಬಾಯೊಳಗೆ ಬೆರಳು ಹಾಕಿ ಕಫ ತೆಗೆಯುವುದು ಬಿಡಿ. ನೀರನ್ನು ನಿಮ್ಮ ಮೊಣಕೈಗೆ ಹಾಕಿ ನೋಡಿ, ಬೆಚ್ಚಗಿದ್ದರೆ ಸಾಕು. ಹುಟ್ಟಿ 24 ಗಂಟೆ ಕಳೆಯುವವರೆಗೆ ಸ್ನಾನವೇ ಬೇಡ, ತೂಕ ಕಡಿಮೆಯಿದ್ದ ಕೂಸನ್ನು ವೈದ್ಯರು ಹೇಳುವವರೆಗೆ ಒರೆಸಿದರೆ ಸಾಕು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ ಹಾಕುವುದು ಎಳೆಯ ಶ್ವಾಸಕೋಶಕ್ಕೂ ಬಾಣಂತಿಗೂ ಅಪಾಯ. ಇದ್ದಿಲಿನಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ. ಕಣ್ಣಿಗೆ ಕಾಡಿಗೆ ಬೇಡ, ಅದರಲ್ಲಿ ಸೀಸ ಇರಬಹುದು. ದೃಷ್ಟಿ ಬೊಟ್ಟು ಇಡಲೇಬೇಕೆಂದರೆ ಅಂಗಾಲಿಗಿಡಿ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ, ಪೌಡರು ಯಾವುದನ್ನೂ ಹಾಕದೆ ಒಣಗಲು ಬಿಟ್ಟರೆ ಐದರಿಂದ ಹದಿನೈದು ದಿನದಲ್ಲಿ ಬಳ್ಳಿ ತಾನೇ ಬೀಳುತ್ತದೆ. ಸುತ್ತ ಕೆಂಪಾಗಿ, ಕೀವಾಗಿ, ನಾತ ಬಂದರೆ ತೋರಿಸಿ.

ಕಾಮಾಲೆಯ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಎರಡು ಮೂರನೇ ದಿನ ಮುಖ ಹಳದಿಯಾಗಿ, ವಾರ ಎರಡು ವಾರದಲ್ಲಿ ತಿಳಿಯಾಗುವುದು ಬಹಳಷ್ಟು ಕೂಸುಗಳಲ್ಲಿ ಸಹಜ. ಹುಟ್ಟಿದ ದಿನವೇ ಹಳದಿಯಾದರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ ಅದು ಮಿದುಳಿಗೆ ಅಪಾಯ ತರಬಲ್ಲ ಕಾಮಾಲೆ. ಬೆಳಗಿನ ಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂಬ ಮಾತಿಗೆ ಒಂದು ಮೂಲವಿದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ ಕೂಸುಗಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಬಿಸಿಲು ತಾಗಿದ ಚರ್ಮ ತಿಳಿಯಾಗಿ, ಬಟ್ಟೆ ಮುಚ್ಚಿದ ಜಾಗ ಹಳದಿಯಾಗೇ ಉಳಿದದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಅದರಿಂದ ಅಲ್ಲಿನ ವೈದ್ಯ ಕ್ರೆಮರ್ ಮತ್ತು ಸಂಗಡಿಗರು ದೀಪದ ಚಿಕಿತ್ಸೆ ಕಟ್ಟಿ 1958ರಲ್ಲಿ ಪ್ರಕಟಿಸಿದರು. ಕೆಲಸ ಮಾಡುವುದು ಬೆಳಕಿನ ನೀಲಿ ಭಾಗ. ಆಸ್ಪತ್ರೆಯ ದೀಪ ಅದನ್ನು ಅಳತೆಯಿಟ್ಟು ಗಂಟೆಗಟ್ಟಲೆ ಕೊಡುತ್ತದೆ. ಅಂಗಳದ ಹತ್ತು ನಿಮಿಷದ ಬಿಸಿಲು ಕೊಡುವುದಿಲ್ಲ. ಬಿಸಿಲನ್ನು ನಂಬಿ ದಿನ ಕಳೆಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಎಲ್ಲಕ್ಕಿಂತ ದೊಡ್ಡ ಮದ್ದು ತಾಯಿಯ ಎದೆಯ ಬಿಸಿ. ಕೊಲಂಬಿಯಾದ ಬೊಗೋಟಾದಲ್ಲಿ 1978ರ ಸುಮಾರಿಗೆ ಡಾ. ಎಡ್ಗರ್ ರೇ, ಸಾಕಷ್ಟು ಇನ್‌ಕ್ಯುಬೇಟರ್ ಇಲ್ಲದ ಆಸ್ಪತ್ರೆಯಲ್ಲಿ, ಸಣ್ಣ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಿ ಕಾಂಗರೂ ಆರೈಕೆ ಎಂಬ ಪದ್ಧತಿಯನ್ನು ಶುರುಮಾಡಿದರು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಕಾಂಗರೂ ಆರೈಕೆಯನ್ನು ಜಿಲ್ಲೆಯುದ್ದಕ್ಕೂ ಹರಡುವ ಸಂಶೋಧನೆ ನಡೆದು, ಇದು ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಆಗುವಂಥದ್ದೇ ಎಂದು ತೋರಿಸಿಕೊಟ್ಟಿದೆ. ತಾಯಿ ದಣಿದಾಗ ತಂದೆಯೂ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಹಾಕಿಕೊಳ್ಳಬಹುದು, ಅಜ್ಜಿಯೂ.

ಈಗ ಸುಮ್ಮನಿರುವ ಕೂಸು. ಹುಟ್ಟಿದ ಕೂಸಿಗೆ ಸೋಂಕಾದಾಗ ದೊಡ್ಡವರಂತೆ ಜ್ವರ ಬಂದೇ ತೀರಬೇಕೆಂದಿಲ್ಲ, ಮೈ ತಣ್ಣಗಾಗಬಹುದು. ಜೋರಾಗಿ ಅಳುವ ಶಕ್ತಿಯೇ ಇಂಗಿಹೋಗುತ್ತದೆ. ಚೆನ್ನಾಗಿ ಕುಡಿಯುತ್ತಿದ್ದದ್ದು ಎದೆಗೆ ಬಾಯಿಟ್ಟು ಹಾಗೇ ಜೋಲುತ್ತದೆ, ಎರಡು ಸಲ ಎಬ್ಬಿಸಿದರೂ ಕುಡಿಯುವುದಿಲ್ಲ, ಮುಟ್ಟಿದಾಗಷ್ಟೇ ಅಲುಗುತ್ತದೆ. ಇಂಥ ಕೂಸನ್ನು ಮಲಗಲಿ ಬಿಡಿ ಎನ್ನಬೇಡಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ, ಆಗಲೂ ಹಾಗೇ ಇದ್ದರೆ ಹೊರಡಿ. ಪಕ್ಕೆ ಒಳಸೆಳೆದರೆ, ಫಿಟ್ಸ್ ಬಂದರೆ, ಮೈ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಅಂಗಾಲು ಹೊಟ್ಟೆ ಎರಡೂ ತಣ್ಣಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ ಕೂಸು ತಾಯಿಯ ಎದೆಗೆ ಅಂಟಿಕೊಂಡು ಬೆಚ್ಚಗಿರಲಿ.

ಬಾಣಂತಿಯ ಮನಸ್ಸನ್ನೂ ಯಾರಾದರೂ ವಿಚಾರಿಸಬೇಕು. ಮೂರನೇ ದಿನದಿಂದ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ನಿದ್ದೆಯಿಲ್ಲ, ಕೂಸಿನ ಮೇಲೆ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸಿದರೆ ಅದು ಚಿಕಿತ್ಸೆಯಿಂದ ಗುಣವಾಗುವ ಖಿನ್ನತೆ. ಹಗಲು ರಾತ್ರಿ ಯಾವಾಗ ಬೇಕಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಕೊನೆಯದಾಗಿ ಆಶಾ ಕಾರ್ಯಕರ್ತೆಯರ ಬಗ್ಗೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ಕೂಸಿನ ತಪಾಸಣೆ ಕಲಿಸಿದರು. ನವಜಾತ ಶಿಶುಗಳ ಸಾವು ಅಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದದ್ದು 1999ರಲ್ಲಿ ಪ್ರಕಟವಾಯಿತು. ಆ ಅನುಭವದಿಂದಲೇ ನಮ್ಮ ದೇಶದಲ್ಲಿ ಮನೆ ಭೇಟಿಯ ಏರ್ಪಾಡು ಬಂದದ್ದು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಆಶಾ ನಿಮ್ಮ ಮನೆಗೆ ಬರಬೇಕು. ಸೂತಕ, ಹೊರಗಿನವರು ಎಂದು ಬಾಗಿಲಲ್ಲೇ ನಿಲ್ಲಿಸಬೇಡಿ. ಕೈ ತೊಳೆಯಲು ಸೋಪು ಕೊಡಿ, ಕೂಸಿನ ತೂಕ ನೋಡಲಿ, ಬಟ್ಟೆ ಬಿಚ್ಚಿ ಮೈ ಪೂರ್ತಿ ನೋಡಲಿ. ಆರು ವಾರಕ್ಕೆ ಮುಂದಿನ ಲಸಿಕೆ ಇದೆ; ಹೋಗುವಾಗ ತಾಯಿ ಕಾರ್ಡು ಮರೆಯಬೇಡಿ.